ಕೊನೆಯ ದಿನ ಬಂದ ಹನ್ನೊಂದು ಪುಟ

ಗ್ರಾಹಕ ಆಯೋಗದ ಮೆಟ್ಟಿಲು ಹತ್ತಿದವರಿಗೆ ನಾನು ಹೇಳುವುದು ಹೊಸದೇನಲ್ಲ. ಹತ್ತದವರೂ ಪಕ್ಕದ ಮನೆಯವರಿಂದ ಕೇಳಿರುತ್ತೀರಿ, ಕೇಳಿ ಸುಮ್ಮನಾಗಿರುತ್ತೀರಿ.

ಪಿತ್ತಕೋಶದ ಕಲ್ಲು ತೆಗೆಸಲು ನಡೆದುಕೊಂಡೇ ಹೋದ ನಮ್ಮ ಅತ್ತಿಗೆ ಒಂಬತ್ತನೇ ದಿನ ತೀರಿಕೊಂಡರು. ಆಪರೇಷನ್‌ನಲ್ಲಿ ಪಿತ್ತನಾಳಕ್ಕೆ ಏಟು ಬಿದ್ದು ಹೊಟ್ಟೆಯೆಲ್ಲ ನಂಜಾಗುತ್ತಿದ್ದರೂ ನಾಲ್ಕು ದಿನ ಯಾರೂ ಗಮನ ಕೊಡಲಿಲ್ಲ ಎಂಬುದು ನಮ್ಮ ದೂರು. ಐದು ವರ್ಷ ಓಡಾಡಿದೆವು. ಪ್ರತಿ ವಾಯಿದೆಗೂ ಅಣ್ಣ ರಜೆ ಹಾಕಿ, ಬೆಳಗಿನ ಬಸ್ಸು ಹಿಡಿದು, ಅದೇ ಚೀಲದಲ್ಲಿ ಅದೇ ಕಾಗದ ಹೊತ್ತು ಬರುತ್ತಿದ್ದ. ಅಷ್ಟೂ ಕಾಲ ಆಸ್ಪತ್ರೆಯವರು ತಜ್ಞರ ಮಾತೇ ಎತ್ತಲಿಲ್ಲ. ವಾದ ಶುರುವಾಗಬೇಕಿದ್ದ ದಿನ ಅವರ ವಕೀಲರು ಒಂದು ಮೆಮೋ ಜೊತೆ ಹನ್ನೊಂದು ಪುಟದ ತಜ್ಞರ ಅಭಿಪ್ರಾಯ ಮುಂದಿಟ್ಟರು. ನಮ್ಮ ಕೈಗೆ ಪ್ರತಿ ಸಿಕ್ಕಿದ್ದು ಅಲ್ಲೇ, ನಿಂತ ಜಾಗದಲ್ಲಿ. ನಮ್ಮ ವಕೀಲರು ಆಕ್ಷೇಪಿಸಿದರು. ಆಯೋಗ ಆಸ್ಪತ್ರೆಗೆ ಎರಡು ಸಾವಿರ ರೂಪಾಯಿ ವೆಚ್ಚ ಹಾಕಿ ಅದನ್ನು ದಾಖಲೆಗೆ ತೆಗೆದುಕೊಂಡಿತು. ಪಾಟಿ ಸವಾಲಿನ ಪ್ರಶ್ನಾವಳಿ ಕೊಡಲು ನಮಗೆ ಒಂದು ವಾರ.

ಎರಡು ಸಾವಿರ! ಐದು ವರ್ಷ ಬಾಯಿ ಮುಚ್ಚಿ ಕೂತಿದ್ದಕ್ಕೆ ಕಟ್ಟಿದ ಬೆಲೆ ಅದು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೂರಿಗೆ ಉತ್ತರ ಕೊಡಲು 30 ದಿನ, ಕೇಳಿಕೊಂಡರೆ ಇನ್ನು 15 ದಿನ ಇದೆ. ಅದರಾಚೆ ಒಂದು ದಿನವೂ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಖಡಾಖಂಡಿತ ಹೇಳಿತು. ಉತ್ತರಕ್ಕೆ ಇಷ್ಟು ಬಿಗಿ. ಕೇಸಿನ ಹಣೆಬರಹ ಬರೆಯುವ ತಜ್ಞರ ಕಾಗದ ಮಾತ್ರ ಯಾವಾಗ ಬಂದರೂ ನಡೆಯುತ್ತದೆ! ಪ್ರತಿ ಪ್ರಕರಣಕ್ಕೂ ತಜ್ಞರು ಬೇಕಿಲ್ಲ ಎಂದು ಅದೇ ಕೋರ್ಟಿನ 2010ರ ಕಿಷನ್ ರಾವ್ ತೀರ್ಪು ಹೇಳಿದೆ, ನಿಜ. ಆದರೆ ನಾಳಕ್ಕೆ ಬಿದ್ದ ಏಟು ಅಜಾಗರೂಕತೆಯೋ, ನುರಿತ ಕೈಗೂ ಆಗಬಹುದಾದದ್ದೋ ಎಂಬುದನ್ನು ವೈದ್ಯರಲ್ಲದೆ ಇನ್ಯಾರು ಹೇಳಬೇಕು? ನಾವು ಆರು ಸರ್ಜನ್‌ಗಳ ಬಳಿ ಹೋದೆವು. ಇಬ್ಬರು ಫೋನಿನಲ್ಲಿ “ತಪ್ಪಾಗಿದೆ” ಅಂದರು. ಸಹಿ ಹಾಕಿ ಎಂದಾಗ ಫೋನೇ ಎತ್ತಲಿಲ್ಲ. ವೈದ್ಯರೇ, ನಿಮ್ಮ ಮೌನ ನೋಡಿಕೊಂಡೇ ಆಸ್ಪತ್ರೆಯವರು ಕೊನೆಯ ದಿನದವರೆಗೆ ಧೈರ್ಯವಾಗಿ ಕಾಯುತ್ತಾರೆ.

ನಾವೇ ತಡವಾಗಿ ಕಾಗದ ತಂದಿದ್ದರೂ ಅದು ಅನ್ಯಾಯವೇ. ಆಪಾದನೆ ಹೊತ್ತ ವೈದ್ಯರಿಗೂ ಉತ್ತರಿಸಲು ಸಮಯ ಬೇಕು. ನಾವು ಕೇಳುವುದು ಇಷ್ಟೇ: ಯಾರ ಪರವಾಗಿದ್ದರೂ ತಜ್ಞರ ಅಭಿಪ್ರಾಯ ಸಾಕ್ಷ್ಯದ ಅಫಿಡವಿಟ್ ಜೊತೆಗೇ ಬರಲಿ, ತಡವಾದರೆ ಬಲವಾದ ಕಾರಣವಿಲ್ಲದೆ ತೆಗೆದುಕೊಳ್ಳಬೇಡಿ, ತೆಗೆದುಕೊಂಡರೆ ಎದುರಿನವರಿಗೆ ತಮ್ಮ ತಜ್ಞರನ್ನು ಹುಡುಕುವಷ್ಟು ಕಾಲ ಕೊಡಿ.

ಇನ್ನು ನೀವು, ಓದುಗರು. ಸಾವಾದ ದಿನ ಆಸ್ಪತ್ರೆಯ ಗಾಜು ಒಡೆಯಲು ನೂರು ಜನ ಸೇರುತ್ತೀರಿ. ಮಾರನೇ ದಿನ ಕೇಸ್ ಶೀಟ್ ಕೇಳಿ ಒಂದು ಅರ್ಜಿ ಬರೆಯಲು ಒಬ್ಬರೂ ಇರುವುದಿಲ್ಲ. ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂಬ ನಿಯಮ 2002ರಿಂದ ಇದೆ. ದೂರು ಕೊಡಲು ಇರುವುದು ಎರಡೇ ವರ್ಷ. ದಯವಿಟ್ಟು ಮೊದಲ ವಾರವೇ ಬರೆದು ಕೇಳಿ, ಸ್ವೀಕೃತಿ ಇಟ್ಟುಕೊಳ್ಳಿ. ನಾವು ಎಂಟು ತಿಂಗಳು ಅಳುತ್ತಾ ಕೂತೆವು.

ನಮ್ಮ ವಾಯಿದೆ ಬರುವ ಸೋಮವಾರ ಇದೆ. ಆ ಹನ್ನೊಂದು ಪುಟ ಓದಿ, ಅನಿಸಿದ್ದನ್ನು ಬರೆದು, ಕೆಳಗೆ ಸಹಿ ಹಾಕುವ ಒಬ್ಬ ಸರ್ಜನ್ ನಮಗೆ ಇನ್ನೂ ಸಿಕ್ಕಿಲ್ಲ.