ನಕಲು ಇದೆ ಸರಿ, ತೆರೆದು ನೋಡಿದ್ದೀರಾ?

ಬೇರೆಯವರ ಲೆಕ್ಕ ಕೆದಕುವುದೇ ನನ್ನ ಕೆಲಸ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಯಾವ ಕಚೇರಿಗೆ ಆಡಿಟ್‌ಗೆ ಹೋದರೂ ನನ್ನ ಪಟ್ಟಿಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ: ಬ್ಯಾಕಪ್ ಎಲ್ಲಿದೆ, ಅದನ್ನು ಕೊನೆಯ ಸಲ ತೆರೆದು ಪರೀಕ್ಷಿಸಿದ್ದು ಯಾವಾಗ? ತಡವರಿಸುವವರನ್ನು ಕಂಡರೆ, ಸುಳ್ಳೇಕೆ ಹೇಳಲಿ, ಒಳಗೊಳಗೇ ಒಂದಿಷ್ಟು ಖುಷಿಯಾಗುತ್ತಿತ್ತು. ಇದೇ ಪ್ರಶ್ನೆಯನ್ನು ನನ್ನ ಮನೆಯ ಕಂಪ್ಯೂಟರಿನ ಮುಂದೆ ನಿಂತು ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಅಪ್ಪ ಹುಟ್ಟಿ ಬೆಳೆದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿ ಹಿನ್ನೀರು ಏರಿದಾಗ ಊರಿನ ತಗ್ಗಿನ ಓಣಿಗಳು ಮುಳುಗಿ, ಅಲ್ಲಿನವರು ನವನಗರಕ್ಕೆ ಬಂದರು. ಮಾಸ್ತರಿಕೆಯಿಂದ ನಿವೃತ್ತರಾಗಿ ನಮ್ಮ ಜೊತೆ ಬಾಂದ್ರಾ ಪೂರ್ವದಲ್ಲಿ ಇರತೊಡಗಿದ ಮೇಲೆ ಅಪ್ಪನಿಗೆ ಒಂದು ಹುಚ್ಚು ಹಿಡಿಯಿತು. ಮುಳುಗಿದ ಓಣಿಗಳನ್ನು ಒಂದೊಂದಾಗಿ ಬರೆಯುವುದು. ಯಾರ ಮನೆ, ಅದರ ಪಕ್ಕದಲ್ಲಿ ಯಾರ ಅಂಗಡಿ, ಯಾವ ಬಾವಿಯ ನೀರು ಸಿಹಿ, ಯಾವ ಕಟ್ಟೆಯ ಮೇಲೆ ಯಾರು ಎಲೆ ಅಡಿಕೆ ಹಾಕುತ್ತಾ ಕೂರುತ್ತಿದ್ದರು. ಒಂದೇ ಬೆರಳಲ್ಲಿ ‘ನುಡಿ’ ತಂತ್ರಾಂಶದಲ್ಲಿ ಕುಟ್ಟುತ್ತಾ ನಾಲ್ಕು ವರ್ಷದಲ್ಲಿ ನೂರ ನಲವತ್ತು ಪುಟ ಮಾಡಿದ್ದರು.

2019ರ ಜುಲೈನ ಒಂದು ಬೆಳಗ್ಗೆ ಕಂಪ್ಯೂಟರಿನ ಹೊಟ್ಟೆಯಿಂದ ಟಕ್, ಟಕ್ ಎಂಬ ಸದ್ದು ಬಂತು. ಪರದೆ ಕಪ್ಪು. ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ಆಫ್ ಮಾಡಿ ಆನ್ ಮಾಡಿದೆ, ಮತ್ತೆ ಮಾಡಿದೆ, ಏಳೆಂಟು ಸಲ ಮಾಡಿದೆ. ಹಾಗೆ ಮಾಡಲೇಬಾರದಿತ್ತು ಎಂದು ಆಮೇಲೆ ತಿಳಿಯಿತು. ಹಾರ್ಡ್ ಡಿಸ್ಕ್‌ನ ಒಳಗೆ ತಟ್ಟೆ ಗರಗರ ತಿರುಗುತ್ತಿರುತ್ತದೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ತೇಲುತ್ತಿರುತ್ತದೆ. ಮುಳ್ಳು ಕೆಟ್ಟಿದ್ದರೆ ಪ್ರತಿ ಸಲ ಆನ್ ಮಾಡಿದಾಗಲೂ ತಟ್ಟೆಯನ್ನು ಇನ್ನಷ್ಟು ಗೀಚುವ ಸಂಭವ. ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಯೊಂದಕ್ಕೆ ಡಿಸ್ಕ್ ಒಯ್ದೆ. ಇಪ್ಪತ್ತೆರಡು ಸಾವಿರ ರೂಪಾಯಿ, ಮೂರು ವಾರ. ಬಂದದ್ದು ಒಂದಿಷ್ಟು ಮದುವೆ ಫೋಟೊ ಮಾತ್ರ.

ಆಗ ನೆನಪಾಯಿತು, ಎರಡು ವರ್ಷದ ಹಿಂದೆ ಒಂದು ಪೆನ್‌ಡ್ರೈವ್‌ಗೆ ಅಪ್ಪನ ಕಡತ ಹಾಕಿಟ್ಟಿದ್ದೆ. ಹುಡುಕಿ ಹೊಸ ಲ್ಯಾಪ್‌ಟಾಪಿಗೆ ಚುಚ್ಚಿದೆ. ಕಡತ ತೆರೆಯಿತು. ಆದರೆ ಒಂದಕ್ಷರ ಕನ್ನಡವಿಲ್ಲ! ಟೋಪಿ, ಬಾಲ, ಕೊಂಬು ಹಚ್ಚಿಕೊಂಡ ರೋಮನ್ ಅಕ್ಷರಗಳ ಜಾತ್ರೆ. ಅಪ್ಪ ಕನ್ನಡಕ ಏರಿಸಿ ನೋಡಿ, ಏನೂ ಅನ್ನದೆ ಬಾಲ್ಕನಿಗೆ ಹೋಗಿ ಕೂತರು.

ಕಡತ ಕೆಟ್ಟಿರಲಿಲ್ಲ. ಹಳೆಯ ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟ್‌ನಲ್ಲಿ ಟೈಪ್ ಮಾಡಿದಾಗ ಕಂಪ್ಯೂಟರಿನ ಮಟ್ಟಿಗೆ ಒಳಗಿರುವುದು ರೋಮನ್ ಸಂಕೇತಗಳೇ. ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಫಾಂಟ್ ಇಲ್ಲದ ಯಂತ್ರದಲ್ಲಿ ಮುಖವಾಡ ಕಳಚಿಬೀಳುತ್ತದೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿಯನ್ನು ಲ್ಯಾಪ್‌ಟಾಪಿಗೆ ಹಾಕಿದ ಕೂಡಲೇ ಅರವತ್ತೆರಡು ಪುಟ ಜೀವ ತಳೆದವು. ಉಳಿದ ಎಪ್ಪತ್ತೆಂಟು ಪುಟ ಹೋದದ್ದು ಹೋದವೇ.

ಇಂಗ್ಲಿಷಿನ ಕಂಪ್ಯೂಟರ್ ಪುಸ್ತಕಗಳಲ್ಲಿ ಈ ಸಂಗತಿ ಸಿಗುವುದು ಕಷ್ಟ. ನಿಮ್ಮ ಮನೆಯಲ್ಲಿ ಹಿರಿಯರು ನುಡಿಯಲ್ಲೋ ಬರಹದಲ್ಲೋ ಬರೆದಿಟ್ಟ ಹಳೆಯ ಕಡತಗಳಿದ್ದರೆ ಇವತ್ತೇ ತೆರೆದು ಪಿಡಿಎಫ್ ಮಾಡಿಡಿ, ಅದರಲ್ಲಿ ಫಾಂಟ್ ಒಳಗೇ ಸೇರಿಕೊಳ್ಳುತ್ತದೆ. ಜೊತೆಗೆ ಯೂನಿಕೋಡ್‌ಗೆ ಪರಿವರ್ತಿಸಿದ ಒಂದು ಪ್ರತಿಯೂ ಇರಲಿ. ನುಡಿಯಲ್ಲೇ ಪರಿವರ್ತಕ ಇದೆ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪಬಹುದು, ಒಮ್ಮೆ ಓದಿ ತಿದ್ದಬೇಕು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ.

ನನ್ನಂಥ ದಡ್ಡರು ದೊಡ್ಡ ಕಡೆಯೂ ಇದ್ದಾರೆ ಎಂಬುದೊಂದೇ ಸಮಾಧಾನ. 1998ರಲ್ಲಿ ಪಿಕ್ಸರ್ ಸಂಸ್ಥೆ ‘ಟಾಯ್ ಸ್ಟೋರಿ 2’ ತಯಾರಿಸುತ್ತಿದ್ದಾಗ ಯಾರೋ ಕೊಟ್ಟ ಒಂದು ಆದೇಶದಿಂದ ಚಿತ್ರದ ಕಡತಗಳೆಲ್ಲ ಅಳಿಯತೊಡಗಿದವು. ಬ್ಯಾಕಪ್ ತೆಗೆದರೆ ಅದೂ ಸರಿಯಾಗಿ ಕೆಲಸ ಮಾಡಿರಲಿಲ್ಲ. ಯಾರೂ ತೆರೆದು ನೋಡಿರಲಿಲ್ಲ. ಹೆರಿಗೆಯ ನಂತರ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಗ್ಯಾಲಿನ್ ಸುಸ್‌ಮನ್ ಅವರ ಮನೆಯ ಕಂಪ್ಯೂಟರಿನಲ್ಲಿ ಒಂದು ಪ್ರತಿ ಇತ್ತು. ಅದನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೋಗೆ ತಂದರು. ಚಿತ್ರ ಉಳಿಯಿತು.

ಯಂತ್ರದ ಆರೈಕೆಗೆ ಬಂದರೆ, ಮುಂಬೈಯ ಗಾಳಿಯೇ ಮೊದಲ ಶತ್ರು. ಕಿಟಕಿಯ ಸರಳು ಎರಡೇ ಮಳೆಗಾಲಕ್ಕೆ ತುಕ್ಕು ಹಿಡಿಯುವ ಊರಿನಲ್ಲಿ ಸರ್ಕ್ಯೂಟ್ ಬೋರ್ಡ್ ಏನು ಮಹಾ. ಮಂಗಳೂರು, ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿಗೆ ಹೋಗುವಾಗ ತಿಂಗಳುಗಟ್ಟಲೆ ಬಂದ್ ಮಾಡಿ ಇಡುವುದಕ್ಕಿಂತ ಮಳೆಗಾಲದಲ್ಲಿ ಆಗಾಗ ಸ್ವಲ್ಪ ಹೊತ್ತು ಚಾಲೂ ಮಾಡಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಆರು ತಿಂಗಳಿಗೊಮ್ಮೆ ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿ, ಒಣಗಿದ ಮೃದು ಬ್ರಷ್‌ನಿಂದ ಧೂಳು ತೆಗೆಯಿರಿ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದುಕೊಳ್ಳಿ. ಒದ್ದೆ ಬಟ್ಟೆ ಬೇಡ.

ಇನ್ನು ಸಿಪಿಯು ಡಬ್ಬಿಯನ್ನು ನೆಲದ ಮೇಲೆ ಇಡಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಮೀಠಿ ನದಿ ಉಕ್ಕಿದಾಗ ಕಲಾನಗರದ ಸುತ್ತ ನೆಲ ಅಂತಸ್ತುಗಳಿಗೆಲ್ಲ ನೀರು ನುಗ್ಗಿತ್ತು. ನಮ್ಮ ಕಟ್ಟಡದ ಹಳಬರು ಈಗಲೂ ಕಂಪ್ಯೂಟರನ್ನು ಅಟ್ಟದ ಪಕ್ಕ ಇಡುತ್ತಾರೆ. ನಾನು ಮೊದಮೊದಲು ನಗುತ್ತಿದ್ದೆ.

ಡಿಸ್ಕ್‌ನ ಆರೋಗ್ಯ ನೋಡಲು ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶವಿದೆ. ನೀಲಿ ಬಂದರೆ ಕ್ಷೇಮ, ಹಳದಿ ಬಂದರೆ ಅಂದೇ ಎಲ್ಲವನ್ನೂ ಬೇರೆಡೆಗೆ ಸಾಗಿಸಿ. ಆದರೆ ನೀಲಿ ಇದೆಯೆಂದು ನಿಶ್ಚಿಂತೆ ಬೇಡ, ಈಗಿನ ಎಸ್‌ಎಸ್‌ಡಿಗಳಂತೂ ಸದ್ದಿಲ್ಲದೆ ಸಾಯಬಲ್ಲವು. ವಿಂಡೋಸ್ 10 ಇಟ್ಟುಕೊಂಡವರು 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ನಿಂತಿದೆ ಎಂಬುದನ್ನು ನೆನಪಿಡಿ.

ನಕಲಿನ ಲೆಕ್ಕ ಸರಳ: ಒಟ್ಟು ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಹೊರಗಿನ ಹಾರ್ಡ್ ಡಿಸ್ಕ್‌ಗೆ ಕಾಪಿ ಮುಗಿದ ಕೂಡಲೇ ಕೇಬಲ್ ಕಿತ್ತಿಡಿ. 2017ರಲ್ಲಿ ಹಬ್ಬಿದ ವಾನಾಕ್ರೈನಂಥ ಸುಲಿಗೆ ವೈರಸ್ಸು ಜೋಡಿಸಿಟ್ಟ ಡಿಸ್ಕನ್ನೂ ಬಿಡುವುದಿಲ್ಲ. ಗೂಗಲ್ ಕೊಡುವ ಉಚಿತ 15 ಜಿಬಿ ಬರವಣಿಗೆಗೆ ಧಾರಾಳ. ಆದರೆ ಅಲ್ಲೊಂದು ಮೋಸವಿದೆ. ಕಂಪ್ಯೂಟರ್ ಜೊತೆ ಸಿಂಕ್ ಆಗುವ ಫೋಲ್ಡರ್‌ನಲ್ಲಿ ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ, ಡ್ರೈವ್‌ನ ಕಸದಬುಟ್ಟಿಯಲ್ಲಿ 30 ದಿನ ಇದ್ದು ಆಮೇಲೆ ಮಾಯ. ಅದನ್ನೇ ಬ್ಯಾಕಪ್ ಎಂದು ನಂಬಿ ಕೂತವರನ್ನು ಎಷ್ಟೋ ಕಚೇರಿಗಳಲ್ಲಿ ನೋಡಿದ್ದೇನೆ.

ಅಪ್ಪ ಈಗ ನವನಗರದಲ್ಲಿ ತಂಗಿಯ ಮನೆಯಲ್ಲಿದ್ದಾರೆ. ಒಂದು ಡಿಸ್ಕ್ ಅಲ್ಲೇ ಅವಳ ಕಪಾಟಿನಲ್ಲಿದೆ, ಒಂದು ನನ್ನ ಬಳಿ. ಕಳೆದುಹೋದ ಓಣಿಗಳನ್ನು ಅಪ್ಪ ಎರಡನೇ ಸಲ ಬರೆಯುತ್ತಿದ್ದಾರೆ. ಮೊದಲಿನಂತೆ ಬರುತ್ತಿಲ್ಲ ಎಂದು ಅವರೇ ಹೇಳುತ್ತಾರೆ. ಕೆಲವು ಹೆಸರು ನೆನಪಾಗುವುದಿಲ್ಲ, ಕೇಳಿ ತಿಳಿಯೋಣವೆಂದರೆ ಗೊತ್ತಿದ್ದವರು ಈ ನಡುವೆ ತೀರಿಕೊಂಡಿದ್ದಾರೆ. ತಿಂಗಳ ಕೊನೆಯ ಭಾನುವಾರ ತಪ್ಪದೆ ಅವರ ಫೋನು.

‘ಕಾಪಿ ಆತೇನು?’

ಆಯಿತು ಎನ್ನುತ್ತೇನೆ.

‘ತಗದು ನೋಡಿದಿ?’