ಪಂಚಾಯ್ತಿ ಗೋಡೆಯ ನೆಟ್ ಡಬ್ಬಿಗೆ ಯಾರು ಜವಾಬ್ದಾರಿ?

"ಒಟಿಪಿ ಬಂತಾ ಅಜ್ಜಿ?"

"ಇನ್ನೂ ಇಲ್ಲ ಕಣ್ ಮಗ. ಆ ಹುಣಸೇಮರದ ತಾವ ಸಿಗ್ನಲ್ ಸಿಗ್ತೈತೆ, ಹೋಗಿ ನೋಡ್ಕೊಂಡು ಬತ್ತೀನಿ ತಡಿ."

ನಮ್ಮ ದೊಡ್ಡೇರಿ ಸೀಮೆಯ ಒಂದು ಊರಲ್ಲಿ, ಸೇವಾ ಕೇಂದ್ರದ ಬಾಗಿಲಲ್ಲಿ ನಾವು ಕೇಳಿಸಿಕೊಂಡ ಮಾತು ಇದು. ಅಜ್ಜಿ ಮರದ ಹತ್ತಿರ ಹೋದರು. ಒಟಿಪಿ ಬಂತು. ವಾಪಸ್ ನಡೆದು ಬರುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಮೂರು ಸಲ ಹೀಗೇ ಆಯಿತು. ಕೊನೆಗೆ ಅಲ್ಲಿದ್ದ ಹುಡುಗ ಮೊಬೈಲ್ ಹಿಡಿದುಕೊಂಡು ಮರದ ಕೆಳಗೆ ನಿಂತು, ಅಲ್ಲಿಂದಲೇ ಅಂಕಿಗಳನ್ನು ಕೂಗಿ ಹೇಳಿದ.

ಅದೇ ಕಟ್ಟಡದ ಗೋಡೆ ಮೇಲೆ ಸರ್ಕಾರಿ ಇಂಟರ್‌ನೆಟ್ ಡಬ್ಬಿ ಇತ್ತು. ನೆಲದಿಂದ ಮೇಲೆದ್ದ ಕಪ್ಪು ಕೇಬಲ್ ಅದರೊಳಗೆ ಹೋಗಿತ್ತು. ಆದರೆ ದೀಪ ಉರಿಯುತ್ತಿರಲಿಲ್ಲ. ಯಾವಾಗಿನಿಂದ ಹೀಗಿದೆ ಎಂದು ಕೇಳಿದರೆ ಯಾರಿಗೂ ಸರಿಯಾಗಿ ನೆನಪಿಲ್ಲ. ಯಾರಿಗೆ ದೂರು ಕೊಡಬೇಕು ಎಂದು ಕೇಳಿದರೆ ಅದೂ ಗೊತ್ತಿಲ್ಲ. ಆ ಊರಿನ ಹೆಸರು ಇಲ್ಲಿ ಬೇಡ. ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಕಡೆಯ ಓದುಗರಿಗೆ ಇಂಥ ಡಬ್ಬಿ ಹೊಸದಲ್ಲ.

ಹಾಗಾದರೆ ಹಳ್ಳಿಗೆ ನೆಟ್ ಕೊಡಲು ಸರ್ಕಾರದ ಹತ್ತಿರ ದುಡ್ಡಿಲ್ಲವೇ? ದುಡ್ಡಿದೆ, ಅದೂ ಸಣ್ಣ ಮೊತ್ತವಲ್ಲ. ಕೇಬಲ್ ಹೂಳುವುದಕ್ಕೆ ದುಡ್ಡು ಬರುತ್ತದೆ, ಹೂತ ಮೇಲೆ ಅದನ್ನು ನೋಡಿಕೊಳ್ಳುವ ಹೊಣೆ ಮಾತ್ರ ಊರಿನಲ್ಲಿ ಯಾರ ಕೈಗೂ ಬರುವುದಿಲ್ಲ. ನಾವು ಇವತ್ತು ಹೇಳಬೇಕೆಂದಿರುವುದು ಇದನ್ನೇ.

ಇದು ನಮ್ಮ ರೀಚಾರ್ಜ್ ದುಡ್ಡು

ಮೊದಲು ದುಡ್ಡಿನ ಲೆಕ್ಕ ನೋಡೋಣ. ಮೊಬೈಲ್ ಕಂಪನಿಗಳು ತಮ್ಮ ಆದಾಯದಲ್ಲಿ ಲೆಕ್ಕಕ್ಕೆ ಬರುವ ಭಾಗದ ಶೇ 5ರಷ್ಟನ್ನು ಹಳ್ಳಿಗಾಡಿನ ದೂರಸಂಪರ್ಕಕ್ಕಾಗಿ ಸರ್ಕಾರಕ್ಕೆ ಕಟ್ಟಬೇಕು. ಇದಕ್ಕಾಗಿ 2002ರ ಏಪ್ರಿಲ್ 1ರಿಂದ ಒಂದು ನಿಧಿ ಇದೆ. ಮೊದಲು ಅದರ ಹೆಸರು ಸಾರ್ವತ್ರಿಕ ಸೇವಾ ಬಾಧ್ಯತಾ ನಿಧಿ. 2023ರ ದೂರಸಂಪರ್ಕ ಕಾಯ್ದೆ ಬಂದ ಮೇಲೆ ಡಿಜಿಟಲ್ ಭಾರತ್ ನಿಧಿ ಆಯಿತು.

ಕಂಪನಿಗಳ ಆದಾಯ ಎಂದರೆ ನಾವು ಹಾಕಿಸುವ ರೀಚಾರ್ಜ್. 2024ರ ಜುಲೈನಲ್ಲಿ ಖಾಸಗಿ ಕಂಪನಿಗಳು ದರ ಏರಿಸಿದಾಗ ಹೆಚ್ಚಿಗೆ ಕೊಟ್ಟವರಲ್ಲಿ ನಾವೂ ಇದ್ದೇವೆ. ಕೀಪ್ಯಾಡ್ ಫೋನ್ ಇಟ್ಟುಕೊಂಡ ಆ ಅಜ್ಜಿಯೂ ಇದ್ದಾರೆ. ಆದ್ದರಿಂದ ಹಳ್ಳಿಗೆ ಬರುವ ನೆಟ್ಟನ್ನು ಯಾರೂ ದಾನ ಎಂದು ತಿಳಿಯಬೇಕಾಗಿಲ್ಲ. ಅದರ ಲೆಕ್ಕ ಕೇಳುವ ಹಕ್ಕು ನಮಗಿದೆ.

ಈ ಹಣ ನೇರವಾಗಿ ನಿಧಿಗೆ ಬೀಳುವುದಿಲ್ಲ. ಮೊದಲು ಕೇಂದ್ರದ ಸಂಚಿತ ನಿಧಿಗೆ ಹೋಗುತ್ತದೆ, ಸಂಸತ್ತು ಒಪ್ಪಿದಷ್ಟು ಮಾತ್ರ ಈ ನಿಧಿಗೆ ಬರುತ್ತದೆ. ಹಾಗಾಗಿ ವಸೂಲಾದದ್ದೆಲ್ಲ ಹಳ್ಳಿಗೆ ಖರ್ಚಾಯಿತು ಎಂದು ಅಂದುಕೊಳ್ಳುವಂತಿಲ್ಲ.

ಹೆಸರು ಬದಲಾಯಿತು, ಗಡುವು ಮುಂದೆ ಹೋಯಿತು

2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸಂಪುಟ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲಕ್ಕೆ ಒಪ್ಪಿಗೆ ಕೊಟ್ಟಿತು. ಸುಮಾರು 2.5 ಲಕ್ಷ ಗ್ರಾಮ ಪಂಚಾಯ್ತಿಗಳಿಗೆ ಕೇಬಲ್ ಎಳೆಯುವ ಯೋಜನೆ. ಆಗಿನ ಅಂದಾಜು ಸುಮಾರು 20,000 ಕೋಟಿ ರೂಪಾಯಿ. ಇದೇ ಮುಂದೆ ಭಾರತ್‌ನೆಟ್ ಆಯಿತು. ಮೊದಲ ಹಂತದ 1 ಲಕ್ಷ ಪಂಚಾಯ್ತಿ ಮುಗಿಯುವ ಹೊತ್ತಿಗೆ 2017ರ ಡಿಸೆಂಬರ್.

2020ರ ಆಗಸ್ಟ್ 15ರಂದು ಪ್ರಧಾನಿಯವರು ಕೆಂಪುಕೋಟೆಯಿಂದ, ಇನ್ನು 1,000 ದಿನಗಳಲ್ಲಿ 6 ಲಕ್ಷಕ್ಕೂ ಹೆಚ್ಚು ಹಳ್ಳಿಗಳಿಗೆ ಫೈಬರ್ ಎಂದರು. ಆ 1,000 ದಿನ 2023ರ ಮೇ ತಿಂಗಳಲ್ಲೇ ಮುಗಿದವು. ನಡುವೆ 2021ರ ಜೂನ್‌ನಲ್ಲಿ ಕರ್ನಾಟಕ ಸೇರಿ 16 ರಾಜ್ಯಗಳಲ್ಲಿ ಖಾಸಗಿಯವರ ಜೊತೆ ಸೇರಿ ಮಾಡುತ್ತೇವೆ, ಅದಕ್ಕೆ 19,041 ಕೋಟಿ ಸಹಾಯಧನ ಕೊಡುತ್ತೇವೆ ಎಂಬ ತೀರ್ಮಾನವೂ ಆಯಿತು. ಅದು ಟೆಂಡರ್ ಹಂತದಲ್ಲೇ ನಿಂತಿತು.

ಆಮೇಲೆ 2023ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಭಾರತ್‌ನೆಟ್‌ಗೆ ಒಪ್ಪಿಗೆ ಸಿಕ್ಕಿತು. ಮೊತ್ತ 1,39,579 ಕೋಟಿ ರೂಪಾಯಿ. ಇದನ್ನು ಸುಮ್ಮನೆ 2.64 ಲಕ್ಷ ಪಂಚಾಯ್ತಿಗಳಿಗೆ ಹಂಚಿ ನೋಡಿದೆವು. ಒಂದು ಪಂಚಾಯ್ತಿಗೆ ಸುಮಾರು 53 ಲಕ್ಷ ರೂಪಾಯಿ. ಇದು ನಮ್ಮ ಒರಟು ಲೆಕ್ಕ, ಎಲ್ಲ ಊರಿಗೂ ಒಂದೇ ಖರ್ಚು ಬರುವುದಿಲ್ಲ. ಆದರೂ ನಿಮ್ಮ ಪಂಚಾಯ್ತಿಯ ಗೋಡೆ ಮೇಲಿನ ಡಬ್ಬಿ ನೋಡುವಾಗ ಈ ಅಂಕಿ ನೆನಪಿರಲಿ.

ಹನಿ ನೀರಾವರಿ ಪೈಪಿನಂತೆ

ಡಬ್ಬಿಗಳ ದೀಪ ಯಾಕೆ ಆರುತ್ತದೆ? ತೋಟಕ್ಕೆ ಹನಿ ನೀರಾವರಿ ಹಾಕಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಮೊದಲ ಹಂತದಲ್ಲಿ ತಾಲ್ಲೂಕು ಕೇಂದ್ರದಿಂದ ಹೊರಟ ಕೇಬಲ್ ಬಹುಪಾಲು ಒಂದೇ ಸಾಲಿನಲ್ಲಿ ಪಂಚಾಯ್ತಿಗಳಿಗೆ ಹೋಯಿತು. ಮಧ್ಯೆ ಎಲ್ಲೋ ಪೈಪು ಒಡೆದರೆ ಮುಂದಿನ ಗಿಡಗಳಿಗೆ ನೀರಿಲ್ಲ. ರಸ್ತೆ ಅಗಲ ಮಾಡುವ ಜೆಸಿಬಿ, ನಲ್ಲಿ ಪೈಪ್ ಹೂಳುವವರ ಗುದ್ದಲಿ, ಯಾವುದು ತಗುಲಿದರೂ ಆಚೆಯ ಊರುಗಳೆಲ್ಲ ಕತ್ತಲು.

ಹೊಸ ಯೋಜನೆಯಲ್ಲಿ ಈ ತಪ್ಪು ಒಪ್ಪಿಕೊಂಡಂತಿದೆ. ಈಗ ಕೇಬಲ್ಲನ್ನು ಬಳೆಯಂತೆ ಸುತ್ತು ಹಾಕಬೇಕು. ಒಂದು ಕಡೆ ಕತ್ತರಿಸಿದರೂ ಇನ್ನೊಂದು ಕಡೆಯಿಂದ ನೆಟ್ ಬರುತ್ತದೆ. ಕೆಲಸ ಹಿಡಿದ ಗುತ್ತಿಗೆದಾರರೇ 10 ವರ್ಷ ನೋಡಿಕೊಳ್ಳಬೇಕು. ಇದು ಒಳ್ಳೆಯ ಬದಲಾವಣೆ. ಆದರೆ ನೆಟ್ ಇತ್ತೋ ಇಲ್ಲವೋ ಎನ್ನುವುದಕ್ಕೆ ಎಲ್ಲೋ ದೂರದ ನಗರದ ಕಂಪ್ಯೂಟರ್ ಮಾತ್ರ ಸಾಕ್ಷಿಯಾದರೆ ಸಾಲದು. ಡಬ್ಬಿಗೆ ಸಿಗ್ನಲ್ ಬಂದೂ ಸೇವಾ ಕೇಂದ್ರದ ಮೇಜಿಗೆ, ಶಾಲೆಗೆ, ಅಂಗನವಾಡಿಗೆ ಬರದೇ ಇರಬಹುದಲ್ಲ?

ಇಲ್ಲಿ ಕಳೆದುಹೋಗುತ್ತಿರುವುದು ಬರೀ ಯೂಟ್ಯೂಬ್ ಅಲ್ಲ. 2023ರ ಜನವರಿ 1ರಿಂದ ಉದ್ಯೋಗ ಖಾತ್ರಿ ಕೆಲಸದ ಹಾಜರಿಯನ್ನು ದಿನಕ್ಕೆ ಎರಡು ಸಲ ಫೋಟೊ ತೆಗೆದು ಆ್ಯಪ್‌ಗೆ ಹಾಕುವುದು ಕಡ್ಡಾಯವಾಯಿತು. ರೇಷನ್‌ಗೆ ಹೆಬ್ಬೆಟ್ಟು, ಬೆಳೆ ಸಮೀಕ್ಷೆಗೆ ಆ್ಯಪ್, ವಿದ್ಯಾರ್ಥಿವೇತನಕ್ಕೆ ಪೋರ್ಟಲ್. ಸರ್ಕಾರ ತನ್ನ ಬಾಗಿಲನ್ನು ನೆಟ್‌ನೊಳಗೆ ಇಟ್ಟಿದೆ. ನೆಟ್ ಇಲ್ಲದ ದಿನ ಕೂಲಿಯವರಿಗೆ ಕೂಲಿ ಹೋಗುತ್ತದೆ, ಬಸ್ ಚಾರ್ಜ್ ಕೊಟ್ಟು ಮಧುಗಿರಿಗೆ ಹೋದವರಿಗೆ ಇಡೀ ದಿನ ಹೋಗುತ್ತದೆ.

ಸಾಲ ಹುಡುಗನದು, ಕೇಬಲ್ ಬೇರೆಯವರದು

ನಮ್ಮ ಗೆಳೆಯನೊಬ್ಬನ ಕಥೆ ಹೇಳುತ್ತೇವೆ. ಡಿಗ್ರಿ ಮುಗಿಸಿ ಊರಲ್ಲೇ ಏನಾದರೂ ಮಾಡೋಣ ಎಂದು ಮನೆ ಮನೆಗೆ ಫೈಬರ್ ಕನೆಕ್ಷನ್ ಕೊಡುವ ಕೆಲಸ ಹಿಡಿದ. ಬ್ಯಾಂಕಿನಲ್ಲಿ ಸಾಲ ಮಾಡಿದ. ಕೇಬಲ್, ಮೋಡೆಮ್, ಎಳೆ ಜೋಡಿಸುವ ಮೆಷಿನ್ ತಂದ. ಮೊದಲ ಆರು ತಿಂಗಳು ಚೆನ್ನಾಗಿತ್ತು. ಆಮೇಲೆ ರಸ್ತೆ ಕೆಲಸದಲ್ಲಿ ಮೇಲಿನ ಮುಖ್ಯ ಕೇಬಲ್ ತುಂಡಾಯಿತು. ಜೋಡಿಸಲು ಇವನಿಗೆ ಬರುತ್ತದೆ, ಮೆಷಿನ್ನೂ ಇದೆ. ಆದರೆ ಆ ಕೇಬಲ್ ಮುಟ್ಟುವ ಅಧಿಕಾರ ಇಲ್ಲ. ಅಧಿಕಾರ ಇರುವವರು ಬಂದದ್ದು ಹದಿನೇಳು ದಿನಕ್ಕೆ.

ಅಷ್ಟರಲ್ಲಿ ಅರ್ಧಕ್ಕರ್ಧ ಮನೆಯವರು ಕನೆಕ್ಷನ್ ಬಿಟ್ಟರು. ಊರವರು ಬೈದದ್ದು ಇವನನ್ನೇ. ಬ್ಯಾಂಕಿನ ಕಂತು ಮಾತ್ರ ತಿಂಗಳ ಐದನೇ ತಾರೀಖು ಸರಿಯಾಗಿ ಬಂತು. ಈಗ ಅವನು ಬೆಂಗಳೂರಿನಲ್ಲಿ ಡೆಲಿವರಿ ಕೆಲಸ ಮಾಡುತ್ತಾನೆ.

ಹೊಸ ಯೋಜನೆಯಲ್ಲಿ ಹಳ್ಳಿಯ ಮನೆಗಳಿಗೆ 1.5 ಕೋಟಿ ಕನೆಕ್ಷನ್ ಕೊಡುವ ಗುರಿ ಇದೆ. ಅದಕ್ಕೆ ಊರಿನ ಯುವಕರನ್ನು 'ಉದ್ಯಮಿ' ಎಂದು ಕರೆದು, ಬಂದ ಆದಾಯದಲ್ಲಿ ಪಾಲು ಕೊಡುವ ಪದ್ಧತಿ. ಒಳ್ಳೆಯದೇ. ಆದರೆ ನಷ್ಟದ ಭಾರ ಹುಡುಗನ ತಲೆ ಮೇಲೆ, ರಿಪೇರಿ ಅಧಿಕಾರ ಇನ್ನೆಲ್ಲೋ ಎಂದಾದರೆ ಇಂಥ ಉದ್ಯಮಿಗಳು ಊರಲ್ಲಿ ಉಳಿಯುವುದಿಲ್ಲ.

ಬೇರೆ ದಾರಿ ಇಲ್ಲವೇ?

ಇದೆ, ನಮ್ಮ ರಾಜ್ಯದಲ್ಲೇ ಇದೆ. ಬೆಳಗಾವಿ ಕಡೆಯ ಎರಡು ಊರು ನೋಡಿ.

ಒಂದು ಕಿತ್ತೂರು. 1986ರಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಶುರುವಾದದ್ದು ಅಲ್ಲಿ. 128 ಲೈನಿನ ಸಣ್ಣ ಯಂತ್ರ. ಹಳ್ಳಿಯ ಬಿಸಿಲು, ಧೂಳು ತಡೆಯಬೇಕು, ಎಸಿ ರೂಮು ಇಲ್ಲದೆಯೂ ನಡೆಯಬೇಕು ಎಂದೇ ಮಾಡಿದ್ದು. ಹಳ್ಳಿ ಹೇಗಿದೆಯೋ ಹಾಗೆ ನೋಡಿ ಮಾಡಿದ್ದರಿಂದ ಅದು ದೇಶದ ಮೂಲೆ ಮೂಲೆಗೆ ಹೋಯಿತು.

ಇನ್ನೊಂದು ಹುಕ್ಕೇರಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಹುಟ್ಟಿತು. ಕರೆಂಟನ್ನು ಸಗಟಾಗಿ ಕೊಂಡು ತಾಲ್ಲೂಕಿನ ಮನೆ, ಪಂಪ್‌ಸೆಟ್‌ಗಳಿಗೆ ಹಂಚುವುದು ಅದರ ಕೆಲಸ. ರಾಜಕೀಯ ಅಲ್ಲೂ ಇದೆ, ಇಲ್ಲ ಎನ್ನುವುದಿಲ್ಲ. ಆದರೆ ಕಂಬ ಬಿದ್ದರೆ ಯಾರ ಆಫೀಸಿಗೆ ಹೋಗಿ ಕೇಳಬೇಕು ಎಂದು ಅಲ್ಲಿನವರಿಗೆ ಗೊತ್ತು.

ಅಮೆರಿಕದಲ್ಲೂ ಹಳ್ಳಿಗಳಿಗೆ ಫೋನ್ ಕಂಪನಿಗಳು ಹೋಗಲು ಒಪ್ಪುತ್ತಿರಲಿಲ್ಲ. 1949ರಲ್ಲಿ ಅಲ್ಲಿನ ಸರ್ಕಾರ ಹಳ್ಳಿಯ ಟೆಲಿಫೋನ್‌ಗೆ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲ ಕೊಡಲು ಕಾನೂನು ತಿದ್ದಿತು. ರೈತರು ಸಹಕಾರ ಸಂಘ ಮಾಡಿಕೊಂಡು ತಾವೇ ತಂತಿ ಎಳೆದರು. ಅಂಥ ಎಷ್ಟೋ ಸಂಘಗಳು ಈಗ ಅದೇ ಊರುಗಳಿಗೆ ಫೈಬರ್ ಕೊಡುತ್ತಿವೆ. ಸಾಲ ಊರಿನ ಸಂಘದ್ದು, ತಂತಿಯೂ ಸಂಘದ್ದು. ನಮ್ಮ ಗೆಳೆಯನಿಗೆ ಸಿಕ್ಕಿದ್ದು ಸಾಲ ಮಾತ್ರ.

"ಸಹಕಾರ ಸಂಘ ಅಂದ್ರೆ ಗೊತ್ತಲ್ಲಪ್ಪ, ಅಧ್ಯಕ್ಷರ ಜೇಬಿಗೆ ಹೋಗ್ತದೆ" ಎನ್ನುವವರೂ ಇದ್ದಾರೆ. ಅವರ ಮಾತು ಪೂರ್ತಿ ಸುಳ್ಳಲ್ಲ. ಆದರೆ ನಮ್ಮ ಊರುಗಳ ಹಾಲಿನ ಡೇರಿಯೂ ಸಹಕಾರ ಸಂಘವೇ. ಬೆಳಿಗ್ಗೆ, ಸಂಜೆ ಹಾಲಿನ ಅಳತೆ ಎಲ್ಲರ ಕಣ್ಣೆದುರು ನಡೆಯುತ್ತದೆ, ಅದಕ್ಕೇ ಅದು ನಡೆಯುತ್ತಿದೆ. ನೆಟ್ ಲೆಕ್ಕವೂ ಹಾಗೆ ಕಣ್ಣೆದುರು ಇರಲಿ ಎನ್ನುವುದೇ ನಮ್ಮ ಮಾತು.

"ಮೊಬೈಲ್‌ನಲ್ಲೇ ನೆಟ್ ಇದೆಯಲ್ಲ, ಕೇಬಲ್ ಯಾಕೆ?" ಎಂದೂ ಕೇಳುತ್ತಾರೆ. ಮಿಡಿಗೇಶಿ, ಚನ್ನರಾಯನದುರ್ಗದ ಬೆಟ್ಟಗಳ ಮರೆಯ ಊರುಗಳಲ್ಲಿ ಒಂದು ಸಲ ಓಡಾಡಿ ಬನ್ನಿ. ಅಲ್ಲದೆ ಟವರ್‌ನಿಂದ ಒಳ್ಳೆಯ ವೇಗ ಬರಬೇಕಾದರೆ ಟವರಿಗೇ ಫೈಬರ್ ಬೇಕು.

ನಾವು ಕೇಳುವುದು ಮೂರು

ಒಂದು, ರಿಪೇರಿಯ ಹಣದಲ್ಲಿ ಒಂದು ಪಾಲು ತಾಲ್ಲೂಕಿನಲ್ಲೇ ಇರಲಿ. ಹೋಬಳಿಗೆ ಇಬ್ಬರಾದರೂ ಸ್ಥಳೀಯ ಯುವಕ ಯುವತಿಯರಿಗೆ ತರಬೇತಿ ಕೊಟ್ಟು, ತುಂಡಾದ ಕೇಬಲ್ ಜೋಡಿಸುವ ಅಧಿಕಾರವನ್ನೂ ಕೊಡಿ.

ಎರಡು, ಗುತ್ತಿಗೆದಾರರ ನಿರ್ವಹಣೆ ಬಿಲ್ ಪಾಸಾಗುವ ಮೊದಲು ಪಂಚಾಯ್ತಿಯ ಸಹಿ ಬೇಕು. ತಿಂಗಳಲ್ಲಿ ಎಷ್ಟು ದಿನ ನೆಟ್ ಇತ್ತು ಎಂದು ಪಂಚಾಯ್ತಿ ಬರೆದು ಕೊಡಲಿ, ಅದನ್ನೇ ಬೋರ್ಡ್ ಮೇಲೂ ಹಾಕಲಿ.

ಮೂರು, ಸ್ತ್ರೀಶಕ್ತಿ ಒಕ್ಕೂಟ, ಹಾಲಿನ ಸಂಘ, ಪಂಚಾಯ್ತಿಗಳು ಮುಂದೆ ಬಂದರೆ ಊರೊಳಗಿನ ಜಾಲ ನಡೆಸಲು ಇದೇ ನಿಧಿಯಿಂದ ಕಡಿಮೆ ಬಡ್ಡಿಯ ಸಾಲ ಸಿಗಲಿ. ಮುಖ್ಯ ಕೇಬಲ್ ಕೆಟ್ಟ ದಿನಗಳಿಗೆ ಕಂತಿನಲ್ಲಿ ವಿನಾಯಿತಿಯೂ ಇರಲಿ.

ಪಾವಗಡದ ತಿರುಮಣಿ ಸುತ್ತ ಸೋಲಾರ್ ಪಾರ್ಕ್ ಬಂದಾಗ ರೈತರ ಜಮೀನನ್ನು ಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಜಮೀನು ರೈತರ ಹೆಸರಲ್ಲೇ ಉಳಿಯಿತು, ವರ್ಷಕ್ಕಿಷ್ಟು ಎಂದು ಬಾಡಿಗೆ ಗೊತ್ತಾಯಿತು. ಅಷ್ಟು ದೊಡ್ಡ ಯೋಜನೆಯಲ್ಲಿ ಒಡೆತನವನ್ನು ಊರಿನವರ ಹತ್ತಿರವೇ ಬಿಡಲು ಆಗುತ್ತದೆ ಎಂದಾದರೆ ನೆಟ್ ಡಬ್ಬಿಯ ವಿಷಯದಲ್ಲೂ ಆಗಬೇಕು.

ಈ ವಾರ ನೀವು ಮಾಡಬಹುದಾದದ್ದು

ಪಂಚಾಯ್ತಿ ಆಫೀಸಿಗೆ ಹೋಗಿ. ಡಬ್ಬಿ ಎಲ್ಲಿದೆ, ದೀಪ ಉರಿಯುತ್ತಿದೆಯೇ ನೋಡಿ. ಕೆಟ್ಟರೆ ಯಾರಿಗೆ ಫೋನ್ ಮಾಡುತ್ತೀರಿ ಎಂದು ಪಿಡಿಒ ಅವರನ್ನು ಕೇಳಿ. ಉತ್ತರ ಸಿಗದಿದ್ದರೆ ಮುಂದಿನ ಗ್ರಾಮ ಸಭೆಯಲ್ಲಿ ಇದೇ ಪ್ರಶ್ನೆ ಕೇಳಿ, ನಡಾವಳಿಯಲ್ಲಿ ಬರೆಸಿ. ಅದಕ್ಕೂ ಆಗದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಒಂದು ಅರ್ಜಿ ಹಾಕಿ: ನಮ್ಮ ಪಂಚಾಯ್ತಿಗೆ ಕೇಬಲ್ ಬಂದದ್ದು ಯಾವಾಗ, ಕಳೆದ ವರ್ಷ ಎಷ್ಟು ದಿನ ಕೆಲಸ ಮಾಡಿದೆ, ನಿರ್ವಹಣೆಗೆ ಎಷ್ಟು ಹಣ ಕೊಟ್ಟಿದ್ದೀರಿ? 30 ದಿನದಲ್ಲಿ ಉತ್ತರ ಕೊಡಬೇಕು.

ನಾವೂ ನಮ್ಮ ನಮ್ಮ ಊರಿನ ಪಂಚಾಯ್ತಿಗಳಲ್ಲಿ ಇದೇ ಮೂರು ಪ್ರಶ್ನೆ ಕೇಳುತ್ತಿದ್ದೇವೆ. ಬಂದ ಉತ್ತರಗಳನ್ನು ಇಲ್ಲೇ ಹಾಕುತ್ತೇವೆ. ನಿಮಗೆ ಸಿಕ್ಕ ಉತ್ತರದ ಫೋಟೊ ತೆಗೆದು ಕಳಿಸಿ. ಫೋಟೊ ಕಳಿಸಲು ಸಿಗ್ನಲ್ ಸಿಗದಿದ್ದರೆ, ಆ ಊರಿನ ಹೆಸರನ್ನಾದರೂ ತಿಳಿಸಿ. ನಮ್ಮ ಪಟ್ಟಿಯಲ್ಲಿ ಅದನ್ನೇ ಮೊದಲು ಬರೆದುಕೊಳ್ಳುತ್ತೇವೆ.