ಹಿಮ್ಮೇಳಕ್ಕೆ ಹೊತ್ತು ಬಿಡಿ

ಪತ್ತನಾಜೆಗೆ ಊರಿನ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ತಂಡ ಕಟ್ಟಿಕೊಂಡು ನಮ್ಮ ಕಡೆ ಬರುತ್ತಾರೆ. ಮಳೆಗಾಲದಲ್ಲಿ ನವಿ ಮುಂಬಯಿ, ಥಾಣೆ, ಡೊಂಬಿವಲಿಯ ಸಭಾಗೃಹಗಳಲ್ಲಿ ಚೆಂಡೆ ಕೇಳುತ್ತದೆ. ಹೋಟೆಲಿನ ಗಲ್ಲಾದಲ್ಲಿ ಕೂತು ದಿನ ಕಳೆಯುವ ನನ್ನಂಥವರು ವರ್ಷವಿಡೀ ಕಾಯುವುದು ಇದಕ್ಕೇ. ಆದರೆ ಈಗೀಗ ಆಟದ ನಟ್ಟನಡುವೆ ಸನ್ಮಾನ ಸಭೆ ಬಂದು ಕೂರುತ್ತದೆ. ಕಳೆದ ಹೊತ್ತನ್ನು ಸರಿದೂಗಿಸಲು ಕತ್ತರಿ ಬೀಳುವುದು ಭಾಗವತರ ಪದ್ಯಕ್ಕೆ. ಇದು ನಿಲ್ಲಬೇಕು.

ಜೂಯಿನಗರದ ಬಂಟ್ಸ್ ಸೆಂಟರಿನಲ್ಲಿ, ಹಾಗೆ ಕತ್ತರಿ ಬೀಳದ ಒಂದು ಸಂಜೆ, ‘ಅಭಿಮನ್ಯು ಕಾಳಗ’. ಚಕ್ರವ್ಯೂಹಕ್ಕೆ ಹೊರಟ ಪುಂಡುವೇಷಕ್ಕೆ ಭಾಗವತರು ಏರುಪದ್ಯ ಎತ್ತಿಕೊಂಡರು. ವೇಷಧಾರಿ ದಿಗಿಣ ತೆಗೆದು ನಿಲ್ಲುವ ಹೊತ್ತಿಗೆ ಪದ್ಯ ಮುಗಿಯಬೇಕಿತ್ತು. ಭಾಗವತರು ಮುಗಿಸಲಿಲ್ಲ; ಅದೇ ಸಾಲಿಗೆ ಮರಳಿದರು, ಈ ಸಲ ಇನ್ನೂ ಮೇಲಿನ ಸ್ವರದಲ್ಲಿ. ಚೆಂಡೆಯವರು ಕೋಲು ಎತ್ತಿ ಹಿಡಿದೇ ಮದ್ದಳೆಗಾರರ ಮುಖ ನೋಡಿದರು. ಒಂದು ಆವರ್ತ ಮದ್ದಳೆ ಒಂದೇ ನಡೆಯಿತು. ಆಮೇಲೆ ಚೆಂಡೆ ಬಿತ್ತು. ವೇಷಧಾರಿ ಉಸಿರು ಕೂಡ ತಿರುಗಿಸದೆ ಇನ್ನೊಂದು ಸುತ್ತು ಹೊರಟ. ಮೊದಲೇ ಮಾತಾಡಿಕೊಂಡದ್ದಲ್ಲ ಅದು. ಮುಕ್ತಾಯಕ್ಕೆ ನಾಲ್ವರೂ ಒಂದೇ ಪೆಟ್ಟಿಗೆ ಬಂದು ಇಳಿದಾಗ ನನ್ನ ಪಕ್ಕದಲ್ಲಿದ್ದ ಹಿರಿಯರು ಎದ್ದೇ ನಿಂತರು.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗ ಮಿಶಿಗನ್ನಿನ ಗಿಟಾರ್ ವಾದಕ ಬಿಲ್ಲಿ ಸ್ಟ್ರಿಂಗ್ಸ್ ತಂಡವನ್ನು ಕೇಳಿ ಬಂದು ಫೋನಿನಲ್ಲಿ ವರ್ಣಿಸಿದ್ದೂ ಹೆಚ್ಚುಕಡಿಮೆ ಇದನ್ನೇ. ಕೆಂಟಕಿಯ ಬಿಲ್ ಮನ್ರೋ 1940ರ ದಶಕದಲ್ಲಿ ರೂಪಿಸಿದ ಬ್ಲೂಗ್ರಾಸ್ ಆ ಸಂಗೀತದ ಬೇರು. ಬ್ಯಾಂಜೊ, ಮ್ಯಾಂಡೊಲಿನ್, ಪಿಟೀಲು, ಗಿಟಾರ್, ದೊಡ್ಡ ಬಾಸ್. ಡ್ರಮ್ ಇಲ್ಲ. ಸಣ್ಣದೊಂದು ಹಾಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಬೆಳೆಸುತ್ತಲೇ ಹೋಗುತ್ತಾರಂತೆ. ಇವತ್ತಿನ ಹಾಡುಗಳ ಪಟ್ಟಿ ನಾಳೆಗಿಲ್ಲ, ಅದಕ್ಕೇ ಜನ ಅದೇ ತಂಡದ ಹಿಂದೆ ಊರಿಂದೂರಿಗೆ ಹೋಗುತ್ತಾರೆ. ಈ ಕ್ರಮಕ್ಕೆ ದಾರಿ ಹಾಕಿದ ಗ್ರೇಟ್‌ಫುಲ್ ಡೆಡ್ ತಂಡದ ಜೆರ್ರಿ ಗಾರ್ಸಿಯಾ ಕೂಡ ಮೊದಲು ಬ್ಲೂಗ್ರಾಸ್ ಬ್ಯಾಂಜೊ ನುಡಿಸುತ್ತಿದ್ದವರು. 1984ರಲ್ಲಿ ಆ ತಂಡ, ಕಛೇರಿಯನ್ನು ರೆಕಾರ್ಡ್ ಮಾಡಿಕೊಳ್ಳುವ ಅಭಿಮಾನಿಗಳಿಗೆಂದೇ ಸಭಾಂಗಣದಲ್ಲಿ ಜಾಗ ಬಿಟ್ಟುಕೊಟ್ಟಿತು.

ಅಂಥ ಹುಚ್ಚು ನಮಗೇನು ಹೊಸದಲ್ಲ. ಭಾಗವತ ಕಾಳಿಂಗ ನಾವಡರ ಪದ್ಯ ಕೇಳಲೆಂದೇ ಜನ ಮೇಳದ ಹಿಂದೆ ಹೋಗುತ್ತಿದ್ದರು. 1990ರಲ್ಲಿ, ಮೂವತ್ತು ದಾಟುತ್ತಲೇ, ಅವರು ಅಪಘಾತದಲ್ಲಿ ತೀರಿಕೊಂಡರು. ಅವರ ಕ್ಯಾಸೆಟ್ಟುಗಳು ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ ಆಮೇಲೂ ವರ್ಷಗಟ್ಟಲೆ ಓಡಿದವು. ಇನ್ನು ಸನ್ಮಾನದ ಮಾತಿಗೆ ಮರಳಿದರೆ, ಇಲ್ಲಿಯೇ ನೋಡಿ, ಥಾಣೆ ಮಹಾನಗರಪಾಲಿಕೆ ಗಾಯಕ ಪಂಡಿತ್ ರಾಮ್ ಮರಾಠೆಯವರ ನೆನಪಿನಲ್ಲಿ ಸಂಗೀತೋತ್ಸವ ನಡೆಸುತ್ತದೆ. ರಾಗ ಅರಳುತ್ತಿರುವಾಗ ಶಾಲು, ಹಾರ ಹಿಡಿದು ವೇದಿಕೆ ಹತ್ತುವ ಮನಸ್ಸು ಅಂಥ ಕಡೆ ಯಾರಿಗಾದರೂ ಬಂದೀತೇ?

ಪದ್ಯ ಮೊಟಕಾಗುವುದೇಕೆ ಎಂದರೆ ಹತ್ತು ಗಂಟೆಯ ಮೈಕ್ ನಿಯಮ, ಕೊನೆಯ ಲೋಕಲ್ ಎಂದು ಸಂಘಟಕರು ಹೇಳುತ್ತಾರೆ. ಲೋಕಲ್ಲಿನ ಕಷ್ಟ ನಿಜ. ಜೂಯಿನಗರದಿಂದ ಡೊಂಬಿವಲಿ, ಕಲ್ಯಾಣ್‌ಗೆ ಹೋಗುವವರು ಥಾಣೆಯಲ್ಲಿ ಗಾಡಿ ಬದಲಿಸಬೇಕು. ಆದರೆ 2000ದ ಶಬ್ದಮಾಲಿನ್ಯ ನಿಯಮಗಳು ಮುಚ್ಚಿದ ಸಭಾಂಗಣದ ಒಳಗಿನ ಧ್ವನಿವರ್ಧಕಕ್ಕೆ ರಾತ್ರಿಯೂ ವಿನಾಯಿತಿ ಕೊಟ್ಟಿವೆ. ಇಷ್ಟಕ್ಕೂ ನಾನು ಬೆಳಗಿನವರೆಗೆ ಆಟ ಆಡಿಸಿ ಎನ್ನುತ್ತಿಲ್ಲ.

ಸಭೆಯನ್ನು ಆಟಕ್ಕೆ ಮೊದಲೇ ಮುಗಿಸಿ. ಮೂರು ಗಂಟೆಯೊಳಗೆ ಎರಡು ಪ್ರಸಂಗ ತುರುಕಬೇಡಿ, ಒಂದೇ ಸಾಕು. ಪಕ್ಕದಲ್ಲಿ ನಿಂತು ಭಾಗವತರಿಗೆ ಗಡಿಯಾರ ತೋರಿಸಬೇಡಿ. ಪೋಸ್ಟರಿನಲ್ಲಿ ಚೆಂಡೆ, ಮದ್ದಳೆಯವರ ಹೆಸರೂ ಮುಮ್ಮೇಳದವರಷ್ಟೇ ದೊಡ್ಡದಾಗಿ ಬರಲಿ. ಮುಖ್ಯವಾಗಿ, ಮದ್ದಳೆಗೆ ಬೇರೆಯೇ ಮೈಕ್ ಇಡಿ. ಎಷ್ಟೋ ಕಡೆ ಭಾಗವತರ ಮೈಕಿಗೆ ಸಿಕ್ಕಿದಷ್ಟೇ ಮದ್ದಳೆ ನಮಗೆ ಸಿಗುವುದು, ಎಡಗೈಯ ನುಡಿಯಂತೂ ಹಿಂದಿನ ಸಾಲಿಗೆ ತಲಪುವುದೇ ಇಲ್ಲ. ಖರ್ಚಿನ ಮಾತು ಬಂದರೆ, ಈ ಮಳೆಗಾಲ ಡೊಂಬಿವಲಿಯಲ್ಲಿ ಆಟ ಇಡುವ ಯಾವ ಸಂಘವೇ ಆಗಲಿ, ಆ ಮೈಕಿನ ಬಾಡಿಗೆ ನಾನು ಕೊಡುತ್ತೇನೆ.